ಜಗಲಿ ಕಾಫಿ

ನಮ್ಮ ಮನೆಯಲ್ಲಿ ಯಾರನ್ನೂ ಬಾಯಿಬಿಟ್ಟು ಅವಮಾನ ಮಾಡುತ್ತಿರಲಿಲ್ಲ. ಅದಕ್ಕೆ ಕಾಫಿ ಇತ್ತು.

ಚಾಮರಾಜಪೇಟೆಯ ನಮ್ಮ ಮನೆ ಹಳೇ ಕಾಲದ್ದು. ರಸ್ತೆಗೆ ತಾಗಿದಂತೆ ಕಲ್ಲಿನ ಜಗಲಿ, ಜಗಲಿಯ ಹಿಂದೆ ಕಂಬಿ ಹಾಕಿದ ಕಿಟಕಿ, ಕಿಟಕಿಯ ಹಿಂದೆ ನಡುಮನೆಯ ಹಾಲು. ಹಾಲು ಅಂದರೆ ಅಪ್ಪನ ಹಾಲು. ಅಲ್ಲಿ ಅವರ ಸ್ಪೀಕರುಗಳು, ರೆಕಾರ್ಡ್ ಪ್ಲೇಯರು, ಆಂಪ್ಲಿಫೈಯರುಗಳು. ನಾನೂ ಅಮ್ಮನೂ ಗೋಡೆ ಹಿಡಿದುಕೊಂಡು ಓಡಾಡಬೇಕಿತ್ತು. ಕಸ ಗುಡಿಸುವಾಗ ಪೊರಕೆ ವೈರ್‌ಗೆ ತಾಗಿದರೆ ಆ ದಿನವೆಲ್ಲ ಅಪ್ಪ ಮಾತು ಬಿಡುತ್ತಿದ್ದರು. ಮಾತಾಡಿದ ದಿನಗಳಿಗಿಂತ ಆ ದಿನಗಳೇ ಎಷ್ಟೋ ಹಿತವಾಗಿರುತ್ತಿದ್ದವು.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಅಲ್ಲಿ ಅವರ ಮಾತು ಯಾರೂ ಕೇಳುತ್ತಿರಲಿಲ್ಲ ಅಂತ ನನ್ನ ಗುಮಾನಿ. ಇಲ್ಲದಿದ್ದರೆ ಮನೆಯಲ್ಲಿ ಅಷ್ಟೊಂದು ಕೇಳಿಸುವ ಅಗತ್ಯ ಬರುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಬಸವನಗುಡಿ, ಮಲ್ಲೇಶ್ವರ, ಮಾವಳ್ಳಿ ಕಡೆಯಿಂದ ಐದಾರು ಗಂಡಸರು ಬರುತ್ತಿದ್ದರು. ಒಬ್ಬರು ಬ್ಯಾಂಕಿನವರು, ಒಬ್ಬರು ಕಾಲೇಜಿನ ಫಿಸಿಕ್ಸ್ ಮೇಷ್ಟ್ರು, ಉಳಿದವರೂ ಸಂಬಳದ ಜನವೇ. ಎಲ್ಲರಿಗೂ ಒಂದೇ ಹುಚ್ಚು. ಇದೆಲ್ಲ ತೊಂಬತ್ತರ ದಶಕದ ಮಾತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹಾಡನ್ನು ಮನೆಯಲ್ಲಿ ಕೇಳಲು ನಮ್ಮಂಥವರಿಗೆ ಒಂದು ಪೆಟ್ಟಿಗೆ ಸಾಕು. ಅಪ್ಪನಂಥವರಿಗೆ ಎರಡು ಬೇಕು. ರೆಕಾರ್ಡಿನಿಂದ ಬರುವ ಕ್ಷೀಣ ದನಿಯನ್ನು ಮೊದಲು ಹಿಡಿದು ಹದ ಮಾಡುವುದು ಪ್ರೀ. ಹದವಾದ ಆ ದನಿಗೆ ಬಲ ತುಂಬಿ ಸ್ಪೀಕರನ್ನು ಅಲ್ಲಾಡಿಸುವುದು ಪವರ್. "ಪ್ರೀ ಅಂದ್ರೆ ಅಡುಗೆ ಮಾಡೋ ಕೈ, ಪವರ್ ಅಂದ್ರೆ ಬಡಿಸೋ ಕೈ" ಎನ್ನುತ್ತಿದ್ದರು ಅಪ್ಪ, ಜೀವನದಲ್ಲಿ ಎರಡೂ ಕೆಲಸಕ್ಕೆ ಕೈ ಹಾಕದವರು. ಇವೆರಡೂ ಒಂದಕ್ಕೊಂದು ಹೊಂದಬೇಕು. ಬಿಡಿಬಿಡಿಯಾಗಿ ಎರಡೂ ಚಿನ್ನದಂಥವಾದರೂ ಜೋಡಿ ತಪ್ಪಿದರೆ ಹಾಡು ಸತ್ತುಹೋಗುತ್ತದೆ. ಯಾವ ಪ್ರೀಗೆ ಯಾವ ಪವರ್ ಅಂತ ಕೇಳಿದ ತಕ್ಷಣ ಹೇಳುವ ಕಿವಿ ಅಪ್ಪನದು ಅಂತ ಆ ಐದಾರು ಜನ ಒಪ್ಪಿಕೊಂಡಿದ್ದರು. ಚಿಕ್ಕಂದಿನಿಂದ ರಾಮನವಮಿ ಕಚೇರಿಗಳಲ್ಲಿ ಚಾಪೆಯ ಮೇಲೆ ಕೂತು ಬೆಳೆದ ಕಿವಿ ಅದು. ಸುಳ್ಳು ಹೇಳಬಾರದು, ಕಿವಿ ಒಳ್ಳೆಯದೇ ಇತ್ತು. ಕಿವಿ ಮಾತ್ರ.

ಅಪ್ಪನ ಹತ್ತಿರ ಎರಡು ಪವರ್ ಇದ್ದವು. ಒಂದು ಕಪ್ಪಗೆ, ಭಾರವಾಗಿ, ಇಬ್ಬರು ಹಿಡಿದು ಎತ್ತಬೇಕಾದ ಟ್ರಾನ್ಸಿಸ್ಟರ್ ಯಂತ್ರ. ಅದಕ್ಕೆ ಅವರು "ದೊಡ್ಡದು" ಅನ್ನುತ್ತಿದ್ದರು. ಇನ್ನೊಂದು ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳದ್ದು, ಕಾದು ಕೆಂಪಾಗಲು ಒಂದಿಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಅದು "ಮುದುಕ." ಯಾರಾದರೂ ಹೊಸ ಪ್ರೀ ಡಬ್ಬ ತಂದರೆ ಅದನ್ನು ದೊಡ್ಡದಕ್ಕೆ ಹಾಕಬೇಕೋ ಮುದುಕನಿಗೆ ಹಾಕಬೇಕೋ ಎಂದು ಅಪ್ಪ ನೋಡಿ ತೀರ್ಮಾನಿಸುತ್ತಿದ್ದರು. ಅವರ ಹೆಸರೆಲ್ಲ ನಿಂತಿದ್ದುದು ಆ ತೀರ್ಮಾನದ ಮೇಲೆ.

ಪರೀಕ್ಷೆಗೆ ಒಂದು ಪದ್ಧತಿ ಇತ್ತು. ಡಬ್ಬ ಒಳಗೆ, ಡಬ್ಬದ ಯಜಮಾನ ಹೊರಗೆ. ತಂದವನ ಮುಖ ಕಣ್ಣೆದುರಿಗೆ ಇದ್ದರೆ ಕೇಳುವವರ ನಾಲಿಗೆ ದಾಕ್ಷಿಣ್ಯಕ್ಕೆ ಹೊರಳುತ್ತದೆ ಎಂಬುದು ಅಪ್ಪನ ಸಿದ್ಧಾಂತ. ಹಾಗಾಗಿ ಆತ ಜಗಲಿಯ ಮೇಲೆ ರಸ್ತೆ ನೋಡುತ್ತ ಕೂತಿರಬೇಕು. ಒಳಗೆ ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ ನಡೆಯುತ್ತಿತ್ತು. ಮುಗಿದ ಮೇಲೆ ಅಪ್ಪ ಚೆನ್ನಾಗಿದೆ ಅನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನುತ್ತಿರಲಿಲ್ಲ. ಅಡುಗೆಮನೆಗೆ ತಲೆ ಹಾಕಿ, "ಎಲ್ರಿಗೂ ಒಳಗೆ" ಅಂದರೆ ಪಾಸು. ಹೊರಗಿದ್ದವನನ್ನು ಕೈಹಿಡಿದು ಕರೆತಂದು ನಡುವಿನ ಕುರ್ಚಿಯಲ್ಲಿ ಕೂರಿಸಿ ಕಾಫಿ ಕೊಡುತ್ತಿದ್ದರು. "ಒಂದು ಹೊರಗೆ" ಅಂದರೆ ಫೇಲು. ಅಮ್ಮ ಒಂದು ಲೋಟ ಕಾಫಿಯನ್ನು ಜಗಲಿಗೆ ಒಯ್ದು ಕೊಡಬೇಕು. ಜೊತೆಗೆ ಅವನ ಡಬ್ಬವನ್ನೂ ಯಾರಾದರೂ ತಂದು ಪಕ್ಕದಲ್ಲಿ ಇಡುತ್ತಿದ್ದರು. ಯಾಕೆ ಅಂತ ಕೇಳುವ ಹಾಗಿಲ್ಲ. ಕುಡಿದು, ಲೋಟ ಕೆಳಗಿಟ್ಟು, ಡಬ್ಬ ಎತ್ತಿಕೊಂಡು ಹೋಗುವುದು.

ಒಮ್ಮೆ ಮಾವಳ್ಳಿಯಿಂದ ರಿಟೈರ್ಡ್ ಹೆಡ್‌ಮಾಸ್ಟರೊಬ್ಬರು ಆಟೋದಲ್ಲಿ ತೊಡೆಯ ಮೇಲೆ ಪ್ರೀ ಇಟ್ಟುಕೊಂಡು ಬಂದಿದ್ದರು. ಜರಿ ಪೇಟವೊಂದು ಬಾಕಿ, ಅಷ್ಟು ಠೀವಿ. ಅವರಿಗೆ ಜಗಲಿ ಕಾಫಿ ಆಯಿತು. ಲೋಟ ಎತ್ತುವಾಗ ಬಿಳೀ ಪಂಚೆಯ ಮೇಲೆ ಕಾಫಿ ಚೆಲ್ಲಿತು. ಒಳಗಿದ್ದವರು ಕಿಟಕಿಯ ಪರದೆ ಸರಿಸಿ ಒಬ್ಬರ ಭುಜದ ಮೇಲಿಂದ ಒಬ್ಬರು ನೋಡುತ್ತಿದ್ದರು. ಬ್ಯಾಂಕಿನವರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದರು. ಓದಿದ ಜನ, ಸಂಗೀತ ಬಲ್ಲ ಜನ. ನನಗೆ ಸಂಗೀತದ ಮೇಲೆ ಇದ್ದ ಗೌರವ ಕಡಿಮೆಯಾಗಲು ಶುರುವಾದದ್ದು ಆ ಕಿಟಕಿಯಿಂದ.

ಅಮ್ಮನಿಗೆ ಒಬ್ಬನೇ ತಮ್ಮ. ನನ್ನ ಮಾವ. ಮತ್ತಿಕೆರೆಯಲ್ಲಿ ಒಂದು ಮಹಡಿ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಟೆಲಿಫೋನ್ ಮಾಡುವ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಮೃದು ಮನುಷ್ಯ. ಅಪ್ಪನ ಮುಂದೆ ನಿಂತರೆ ಚಪ್ಪಲಿ ಬಿಟ್ಟ ಜಾಗವನ್ನೇ ನೋಡುತ್ತಿದ್ದ. ಅವನಿಗೂ ಈ ಹುಚ್ಚು ಹತ್ತಿತ್ತು. ಆದರೆ ಕೊಳ್ಳುವ ಹುಚ್ಚಲ್ಲ, ಮಾಡುವ ಹುಚ್ಚು. ಮಾಮೂಲ್‌ಪೇಟೆಯಲ್ಲಿ ಹುಡುಕಿ ತಂದ ತಗಡಿನಲ್ಲಿ ಪೆಟ್ಟಿಗೆ ಮಾಡಿಸಿ, ಎಲ್ಲೆಲ್ಲಿಂದಲೋ ವಾಲ್ವು ಹೊಂದಿಸಿ, ವರ್ಷಗಟ್ಟಲೆ ಕೂತು ಒಂದು ಪ್ರೀ ಮಾಡಿದ್ದ.

ಆ ಹೊತ್ತಿಗೆ ಅವನ ಕಾರ್ಖಾನೆಯಲ್ಲಿ ವಿ.ಆರ್.ಎಸ್. ಬಂತು. ಸ್ವಂತ ಇಚ್ಛೆಯಿಂದ ಕೆಲಸ ಬಿಡುವವರು ಅರ್ಜಿ ಕೊಡಬಹುದು, ಕೊನೇ ದಿನ ಶನಿವಾರ. ಮಾವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಮ್ಮನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಭಾವ ಒಂದು ಸಲ ಪಾಸ್ ಮಾಡ್ಬಿಟ್ರೆ ಸಾಕು ಅಕ್ಕ. ಭಾನುವಾರದೋರೆಲ್ಲ ತಲಾ ಒಂದು ಮಾಡ್ಕೊಡು ಅಂತಾರೆ. ಅವ್ರು ಹೇಳಿದ್ರೆ ಊರೆಲ್ಲ ಹೇಳ್ತಾರೆ. ಕೆಲ್ಸ ಬಿಟ್ಟು ಇದೇ ಮಾಡ್ಕೊಂಡಿರ್ತೀನಿ. ಬೇರೆ ಏನೂ ಬೇಡ ನಂಗೆ."

"ಮೊದ್ಲು ಅವ್ರು ಕೇಳ್ಲಿ. ಆಮೇಲೆ ಅರ್ಜಿ ಕೊಡು" ಎಂದಳು ಅಮ್ಮ.

ಬುಧವಾರ ಸಂಜೆ ಮಾವ ಡಬ್ಬ ತಂದ. ಅಪ್ಪ ಕಚೇರಿಯಿಂದ ಬಂದು ಕಾಲು ತೊಳೆದು, ಅದನ್ನು ಮುದುಕನಿಗೆ ಜೋಡಿಸಿ, ಸಂಗೀತ ಕಚೇರಿಯ ರೆಕಾರ್ಡೊಂದನ್ನು ಹಾಕಿದರು. ನಾನು ಆಗ ಪಿಯುಸಿ ಓದುತ್ತಿದ್ದೆ, ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಮೊದಲು ತಂಬೂರಿ ಬಂತು, ಮನೆಯಲ್ಲೇ ಯಾರೋ ಮೀಟುತ್ತಿದ್ದಾರೆ ಅನ್ನುವ ಹಾಗೆ. ಮೃದಂಗದ ಎಡಗೈ ಗುಮ್ಮೆಂದಾಗ ನನ್ನ ಬೆನ್ನಿಗೆ ತಾಗಿದ ಗೋಡೆ ಸಣ್ಣಗೆ ಅದುರಿತು. ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಅಪ್ಪ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮುಗಿದ ಮೇಲೂ ಕಣ್ಣು ಬಿಡಲಿಲ್ಲ. ಆಮೇಲೆ, "ಪರ್ವಾಗಿಲ್ಲ" ಅಂದರು. ಮದುವೆಮನೆ ಊಟಕ್ಕೂ, ನನ್ನ ರ್‍ಯಾಂಕಿಗೂ, ಯಾವುದಕ್ಕೂ ಅವರು ಅಷ್ಟು ದೊಡ್ಡ ಮಾತು ಹೇಳಿದವರಲ್ಲ.

"ಭಾನುವಾರ ಎಲ್ರೂ ಕೇಳ್ಲಿ. ಡಬ್ಬ ಇಲ್ಲೇ ಇರ್ಲಿ."

ಅಮ್ಮ ಆ ರಾತ್ರಿ ಶ್ಯಾವಿಗೆ ಪಾಯಸ ಮಾಡಿದಳು. ಬಾಗಿಲವರೆಗೆ ಹೋಗಿ ತಮ್ಮನ ಕಿವಿಯಲ್ಲಿ, "ಪಾಸಾದಂಗೇ ಕಣೋ. ಅರ್ಜಿ ಕೊಟ್ಬಿಡು" ಅಂದಳು. ಮಾವ ಶನಿವಾರ ಅರ್ಜಿ ಕೊಟ್ಟ.

ಭಾನುವಾರ ಬಂತು. ಮಾವ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಹೊಸದಾಗಿ ಕ್ಷೌರ ಮಾಡಿಸಿಕೊಂಡು ಬಂದ. ಪದ್ಧತಿಯಂತೆ ಜಗಲಿಯ ಮೇಲೆ ಕೂತ. ಒಳಗೆ ಬಾಗಿಲು ಹಾಕಿಕೊಂಡರು. ಅಮ್ಮ ಡಿಕಾಕ್ಷನ್ ಇಳಿಸಿ, ಎಲ್ಲರಿಗೂ ಅಂತ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿ, ತಮ್ಮನಿಗೆ ಅಂತ ಬೆಳ್ಳಿ ಲೋಟ ತೆಗೆದಿಟ್ಟಳು. ಆ ಲೋಟ ಅವಳ ಮದುವೆಯಲ್ಲಿ ತವರಿನಿಂದ ಬಂದದ್ದು.

ರೆಕಾರ್ಡ್ ಶುರುವಾಯಿತು. ಬುಧವಾರದ್ದೇ ರೆಕಾರ್ಡು. ಆದರೆ ಅದು ಬುಧವಾರದ ಹಾಡಲ್ಲ. ತಂಬೂರಿ ಸೊಳ್ಳೆಯ ಹಾಗೆ ಕೇಳುತ್ತಿತ್ತು. ಮೃದಂಗದ ಬಲಗೈ ಚಟಚಟ ಅನ್ನುತ್ತಿತ್ತು, ಎಡಗೈಯೇ ಇರಲಿಲ್ಲ. ಹಾಡುವವರ ಗಂಟಲನ್ನು ಯಾರೋ ಹಿಚುಕಿ ಹಿಡಿದಂತಿತ್ತು. ಅಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಒಂದು ಮಗ್ಗುಲು ಪೂರ್ತಿ ಹಾಗೇ ನಡೆಯಿತು. ಯಾರೂ ನಿಲ್ಲಿಸಲಿಲ್ಲ.

ಅಪ್ಪ ಅಡುಗೆಮನೆಗೆ ತಲೆ ಹಾಕಿದರು.

"ಒಂದು ಹೊರಗೆ."

ಅಮ್ಮ ಅಲ್ಲಾಡಲಿಲ್ಲ. ಅಪ್ಪ ಇನ್ನೊಂದು ಸಲ, ಮೆತ್ತಗೆ, ಕಿವುಡರಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. "ಒಂದು. ಹೊರಗೆ." ಅಮ್ಮ ಬೆಳ್ಳಿ ಲೋಟ ವಾಪಸ್ಸು ಇಟ್ಟು ಸ್ಟೀಲಿನ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಹೊರಟಳು. ನಾನು ಹಿಂದೆಯೇ ಹೋದೆ. ಬ್ಯಾಂಕಿನವರು ಡಬ್ಬವನ್ನು ತಂದು ಮಾವನ ಪಕ್ಕದಲ್ಲಿ ಇಡುತ್ತಿದ್ದರು. ಕಿಟಕಿಯ ಪರದೆ ಆಗಲೇ ಸರಿದಿತ್ತು.

ಮಾವ ಲೋಟ ತೆಗೆದುಕೊಂಡ. ಬಾಗಿಲಲ್ಲಿ ಬಂದು ನಿಂತ ಅಪ್ಪನನ್ನು ಕೇಳಿದ, "ಭಾವ, ಯಾವ ಪವರ್‌ಗೆ ಹಾಕಿದ್ರಿ?"

ಹಾಗೆ ಕೇಳಬಾರದು ಅಂತ ಅವನಿಗೂ ಗೊತ್ತಿತ್ತು. ಅಪ್ಪ ನಕ್ಕರು. "ನಮ್ಮನೆ ಪವರ್‌ಗೇ ಹಾಕಿದ್ದು ಕಣಪ್ಪ. ಇನ್ಯಾರ ಮನೇದು ತರ್ಲಿ?" ಕಿಟಕಿಯ ಹಿಂದೆಯೂ ನಗು ಕೇಳಿತು. ಮಾವ ರಸ್ತೆಯ ಕಡೆ ತಿರುಗಿದ. ಕಾಫಿ ಕುಡಿದ. ಒಂದು ತೊಟ್ಟೂ ಚೆಲ್ಲಲಿಲ್ಲ.

ಅಮ್ಮ ಅವನನ್ನು ರಸ್ತೆಯ ತಿರುವಿನವರೆಗೆ ಬಿಡಲು ಹೋದಳು, ಹಿಂದೆಯೇ ನಾನು. ಸಮಾಧಾನ ಹೇಳಲು ಅಂದುಕೊಂಡಿದ್ದೆ. ಅವಳು ಮಾಡಿದ್ದು ಬೈಯುವುದು. "ಬುಧವಾರ ಅಷ್ಟು ಚೆನ್ನಾಗಿತ್ತಲ್ಲೋ, ಅದಕ್ಕೇನೋ ಮಾಡ್ದೆ? ನಿನ್ ಕೈಗುಣಾನೇ ಇಷ್ಟು. ಕೈಗೆ ಬಂದಿದ್ದು ಬಾಯಿಗೆ ಬರಲ್ಲ ನಿಂಗೆ." ಡಬ್ಬ ಬುಧವಾರದಿಂದ ನಮ್ಮ ಮನೆಯಲ್ಲೇ ಇತ್ತು ಅನ್ನುವುದು ಅವಳಿಗೆ ಹೊಳೆಯಲಿಲ್ಲ. ಮಾವ ಅದನ್ನೂ ಹೇಳಲಿಲ್ಲ. "ಹೌದು ಅಕ್ಕ" ಎಂದ. ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು ಬಸ್‌ಸ್ಟಾಪಿಗೆ ನಡೆದ.

ಅರ್ಜಿ ವಾಪಸ್ಸು ತೆಗೆದುಕೊಳ್ಳಲು ಆಗಲಿಲ್ಲ. ಭಾನುವಾರದವರಲ್ಲಿ ಒಬ್ಬರೂ ಅವನ ಹತ್ತಿರ ಏನನ್ನೂ ಮಾಡಿಸಲಿಲ್ಲ. ಅಪ್ಪ ಜಗಲಿಗೆ ಕಳಿಸಿದ ಡಬ್ಬ ಅಂದ ಮೇಲೆ ಊರಿನ ಬೇರೆಯವರೂ ಮುಟ್ಟಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಇಲ್ಲಿ ಹಿತ್ತಲಿನವರೇ ಗಿಡಕ್ಕೆ ಬಿಸಿನೀರು ಹೊಯ್ದಿದ್ದರು. ಒಂದಷ್ಟು ಕಾಲ ಸುಮ್ಮನೆ ಅಲೆದು, ಕೊನೆಗೆ ಮಾವ ಮದುವೆಮನೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವರ ಜೊತೆ ಸೇರಿಕೊಂಡ. ಚೌಲ್ಟ್ರಿಗಳಲ್ಲಿ ಬೆಳಗಿನ ಜಾವಕ್ಕೇ ಹೋಗಿ ವೈರು ಎಳೆಯುವುದು, "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಅನ್ನುವುದು. ಅಪ್ಪ ಅವನಿಗೆ "ಚೌಲ್ಟ್ರಿ" ಅಂತಲೇ ಹೆಸರಿಟ್ಟರು. "ನಿಮ್ ಚೌಲ್ಟ್ರಿ ಹಬ್ಬಕ್ಕೆ ಬರ್ತಾನಂತಾ?" ಅಂತ ಅಮ್ಮನನ್ನು ಕೇಳುತ್ತಿದ್ದರು.

ಒಮ್ಮೆ ಮಲ್ಲೇಶ್ವರದ ಒಂದು ಛತ್ರದಲ್ಲಿ ನೆಂಟರ ಮದುವೆ, ಬ್ಯಾಂಕಿನವರೂ ಬಂದಿದ್ದರು. ಮೈಕ್‌ಸೆಟ್ ಮಾವನದ್ದು ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಅಮ್ಮ ಆರತಿ ತಟ್ಟೆ ಹಿಡಿದು ಮಂಟಪದ ಹತ್ತಿರ ನಿಂತಿದ್ದಳು. ಮಾವ ನಾದಸ್ವರದವರ ಮುಂದೆ ಮೈಕು ಎತ್ತರಿಸುತ್ತಿದ್ದ. ಅಪ್ಪ ಬ್ಯಾಂಕಿನವರ ಹೆಗಲ ಮೇಲೆ ಕೈ ಹಾಕಿಕೊಂಡು ಅಲ್ಲಿಗೇ ಹೋಗಿ, ಮೈಕಿನ ಪಕ್ಕದಲ್ಲೇ ನಿಂತು, "ಇವ್ನು ನೆನಪಿಲ್ವಾ ಸಾರ್? ನಮ್ ಭಾವಮೈದ. ಜಗಲಿ ಕಾಫಿ!" ಅಂದರು. ಛತ್ರದ ನಾಲ್ಕೂ ಮೂಲೆಯ ಸ್ಪೀಕರುಗಳು ಅದನ್ನೇ ಹೇಳಿದವು. ಊಟದ ಹಾಲಿನಲ್ಲಿ ಪಲ್ಯ ಬಡಿಸುತ್ತಿದ್ದವರು ಕೂಡ ತಲೆಯೆತ್ತಿ ನೋಡಿದರು. ಮೈಕು ಆನ್ ಇದೆಯೋ ಇಲ್ಲವೋ ಅಂತ ಅಪ್ಪನಿಗೆ ಗೊತ್ತಾಗಲಿಲ್ಲ ಅಂದರೆ ನಾನು ನಂಬುವವಳಲ್ಲ. ಅಮ್ಮ ಆರತಿ ಎತ್ತಿದಳು. ಹಾಡುವಾಗ ಒಂದು ಸಾಲು ಬಿಟ್ಟುಬಿಟ್ಟಳು. ಮನೆಗೆ ಬಂದ ಮೇಲೆ ಅಪ್ಪ ಅದನ್ನೂ ಆಡಿಕೊಂಡರು.

ನಾನು ಇಂಜಿನಿಯರಿಂಗ್‌ನಲ್ಲಿ ಎಲೆಕ್ಟ್ರಾನಿಕ್ಸ್ ತೆಗೆದುಕೊಂಡೆ. ಲ್ಯಾಬಿನಲ್ಲಿ ಒಂದು ಮಧ್ಯಾಹ್ನ ಇದೇ ವಿಷಯ ಬಂತು. ಒಂದು ಯಂತ್ರಕ್ಕೆ ತಳ್ಳುವ ಶಕ್ತಿ ಇಷ್ಟೇ ಅಂತ ಇರುತ್ತದೆ. ಮುಂದಿನ ಯಂತ್ರ ಅದರ ಮೇಲೆ ಹೇರುವ ಭಾರ ಹಗುರವಾಗಿರಬೇಕು. ಭಾರ ಹೆಚ್ಚಾದರೆ ದನಿ ಕುಗ್ಗುತ್ತದೆ, ಅದರಲ್ಲೂ ಮೊದಲು ಸಾಯುವುದು ಕೆಳಗಿನ ದನಿ. ಪಾಠ ಹೇಳುವವರು ಬೋರ್ಡಿನ ಮೇಲೆ ಗೆರೆ ಎಳೆದರು, ಕೆಳಗಿನ ದನಿಗಳಿರುವ ಎಡಗಡೆ ಜರ್‍ರನೆ ಇಳಿದುಹೋಯಿತು. ನನಗೆ ಆ ಗೆರೆಯಲ್ಲಿ ಮೃದಂಗದ ಎಡಗೈ ಕಾಣಿಸಿತು.

ಮನೆಗೆ ಬಂದು ಎರಡೂ ಪವರ್‌ಗಳ ಬೆನ್ನು ತಿರುಗಿಸಿ ನೋಡಿದೆ. ಬೆನ್ನಿನ ಮೇಲೇ ಬರೆದಿತ್ತು. ಮುದುಕ ಹೆಚ್ಚು ಭಾರ ಹೇರುವವನಲ್ಲ. ದೊಡ್ಡದು ಹೇರುವುದು ಅದರ ಹತ್ತರಷ್ಟು. ವಾಲ್ವಿನ ಪ್ರೀಯನ್ನು ದೊಡ್ಡದಕ್ಕೆ ಜೋಡಿಸಿದರೆ ಹಾಡು ಸಾಯಲೇಬೇಕು. ಅದು ಎಷ್ಟು ಒಳ್ಳೆಯ ಡಬ್ಬವಾದರೂ ಸರಿ.

ಆ ವಾರ ಭಾನುವಾರದ ಮಧ್ಯಾಹ್ನ, ಗೆಳೆಯರೆಲ್ಲ ಹೋಗಿ ನಾವು ಮೂವರೇ ಇದ್ದೆವು. ಅಪ್ಪ ಊಟಕ್ಕೆ ಕೂತಿದ್ದರು, ಅಮ್ಮ ಸಾರು ಬಡಿಸುತ್ತಿದ್ದಳು. ನಾನು ಕೇಳಿದೆ.

"ಅಪ್ಪ, ಮಾವನ್ ಡಬ್ಬಾನ ಆ ಭಾನುವಾರ ದೊಡ್ಡದಕ್ಕೆ ಹಾಕಿದ್ರಾ?"

"ಹೂಂ."

"ಬುಧವಾರ ಮುದುಕನಿಗೆ ಹಾಕಿದ್ರಿ. ದೊಡ್ಡದಕ್ಕೆ ಹಾಕಿದ್ರೆ ಹಾಳಾಗುತ್ತೆ ಅಂತ ಗೊತ್ತಿರ್ಲಿಲ್ವಾ?"

ನನ್ನ ಅಪ್ಪನಿಗೆ ಹೆಮ್ಮೆ ಒಂದು ರೋಗ. ಗೊತ್ತಿರಲಿಲ್ಲ ಅಂದಿದ್ದರೆ ಅವರು ಉಳಿದುಕೊಳ್ಳುತ್ತಿದ್ದರು. ಅಷ್ಟು ಹೇಳುವುದು ಅವರ ಕೈಯಲ್ಲಿ ಆಗಲಿಲ್ಲ.

"ನಂಗೆ ಗೊತ್ತಿರ್ಲಿಲ್ವಾ ಅಂತ ಕೇಳ್ತೀಯಲ್ಲ! ನೀನು ಹುಟ್ಟೋಕ್ ಮುಂಚಿಂದ ಗೊತ್ತು. ಶನಿವಾರ ಬ್ಯಾಂಕಿನೋರು ಹೇಳಿದ್ರು, 'ಏನ್ ಸಾರ್, ನಾಳೆ ನಿಮ್ ಭಾವಮೈದಂದಂತೆ, ರಿಸಲ್ಟ್ ಈಗ್ಲೇ ಔಟ್ ಅನ್ನಿ' ಅಂತ. ಹೆಂಡ್ತಿ ತಮ್ಮ ಅಂತ ಪಾಸ್ ಮಾಡ್ದ ಅನ್ನಿಸ್ಕೊಳ್ಬೇಕಿತ್ತಾ ನಾನು? ನನ್ ಕಿವಿ ಮೇಲೆ ಒಂದ್ ಮಾತು ಬರ್ಬೇಕಿತ್ತಾ?" ಅನ್ನ ಕಲೆಸುತ್ತ ಸೇರಿಸಿದರು, "ಹೊಂದ್ಕೊಳ್ಳೋದು ಅವನ್ ಡಬ್ಬದ್ ಕೆಲ್ಸ. ನಮ್ಮನೆ ಪವರ್ ಯಾಕೆ ಬಗ್ಗುತ್ತೆ? ಸಾರು ಹಾಕೇ."

ಅಮ್ಮ ಸಾರು ಹಾಕಿದಳು. ಮಜ್ಜಿಗೆಯನ್ನೂ ಹಾಕಿದಳು. ಅಪ್ಪ ಕೈತೊಳೆದು ಮಲಗಿದ ಮೇಲೆ, ಪಾತ್ರೆ ಹಾಕುವಾಗ ನನ್ನ ಕಡೆ ತಿರುಗದೆ ಕೇಳಿದಳು.

"ಅಂದ್ರೆ ಡಬ್ಬ ಕೆಟ್ಟಿರ್ಲಿಲ್ಲ?"

"ಇಲ್ಲ ಅಮ್ಮ."

"ನಾನ್ ಅವನ್ನ ಬೈದೆ."

ಕೈ ಒರೆಸಿಕೊಂಡು, ಸೀರೆ ಬದಲಾಯಿಸಿ, ನನ್ನನ್ನು ಕರೆದುಕೊಂಡು ಮತ್ತಿಕೆರೆಗೆ ಹೊರಟಳು. ಮಾವ ಮಂಚದ ಮೇಲೆ ಸುರುಳಿ ಸುರುಳಿ ವೈರು ಹರಡಿಕೊಂಡು ಕೂತಿದ್ದ. ಅಮ್ಮ ನಿಂತುಕೊಂಡೇ ಕೇಳಿದಳು, "ನಿಂಗೆ ಗೊತ್ತಿತ್ತೇನೋ?"

ಯಾವುದು ಅಂತ ಅವನು ಕೇಳಲಿಲ್ಲ. "ಜಗಲಿ ಮೇಲೆ ಕೂತಾಗ್ಲೇ ಗೊತ್ತಾಯ್ತು ಅಕ್ಕ. ಕಿಟಕಿಲಿ ಕೇಳ್ತಿತ್ತಲ್ಲ. ದೊಡ್ಡದಕ್ಕೆ ಹಾಕಿದಾರೆ ಅಂತ."

"ಬಾಯಲ್ಲೇನು ಕಡುಬಿತ್ತಾ? ಎದ್ದು ಒಳಗ್ ಬಂದು ಹೇಳ್ಬೇಕಿತ್ತು!"

"ಹೇಳಿ ನಾನು ಮನೆಗ್ ಬಂದ್ಬಿಡ್ತಿದ್ದೆ. ನೀನು ಅಲ್ಲೇ ಇರ್ಬೇಕಲ್ಲ."

ಅಮ್ಮ ಮಂಚದ ಅಂಚಿನ ಮೇಲೆ ಕೂತಳು. ಅತ್ತಳು ಅಂತ ಬರೆದರೆ ಅವಳಿಗೆ ಮೋಸ ಮಾಡಿದಂತಾಗುತ್ತದೆ. ಅವಳ ಮುಖ ಗಟ್ಟಿಯಾಗುತ್ತ ಹೋದದ್ದನ್ನು ನಾನು ನೋಡಿದೆ.

ಮರುದಿನ ಬೆಳಗ್ಗೆ ಅಪ್ಪ ಹಾಲಿನ ತಮ್ಮ ಕುರ್ಚಿಯಲ್ಲಿ ಪೇಪರ್ ಬಿಡಿಸಿ ಕೂತಿದ್ದರು. ಅಮ್ಮ ಕಾಫಿ ಹಿಡಿದು ಅಡುಗೆಮನೆಯಿಂದ ಬಂದಳು. ಅವರು ಕೈ ಚಾಚಿದರು. ಅಮ್ಮ ಆ ಕೈಯನ್ನು ದಾಟಿ, ಬಾಗಿಲು ದಾಟಿ, ಲೋಟವನ್ನು ಜಗಲಿಯ ಮೇಲಿಟ್ಟು ವಾಪಸ್ಸು ಬಂದಳು.

"ಏನೇ ಇದು?"

"ಕಾಫಿ."

ಮೊದಲ ದಿನ ಅವರು ಲೋಟವನ್ನು ಒಳಗೆ ತಂದು ಕುಡಿದರು. ಮರುದಿನವೂ ಜಗಲಿಗೇ ಹೋಯಿತು. ಕೂಗಾಡಿದರು. ಅಮ್ಮ ದೋಸೆ ತಿರುವಿ ಹಾಕುತ್ತಿದ್ದಳು. ದೋಸೆಯನ್ನು ಒಳಗೇ ಕೊಟ್ಟಳು. ಊಟ ಒಳಗೆ, ನೀರು ಒಳಗೆ, ಜ್ವರ ಬಂದಾಗ ಗಂಜಿಯೂ ಒಳಗೆ. ಕಾಫಿ ಒಂದು ಮಾತ್ರ ಹೊರಗೆ. ಲೋಟ ಒಳಗೆ ತಂದ ದಿನ ಸಂಜೆಯ ಕಾಫಿಯೇ ಇಲ್ಲ. ಕೆಲವು ದಿನ ಹಟಕ್ಕೆ ಬಿದ್ದು ಹೋಟೆಲಿಗೆ ಹೋಗಿ ಕುಡಿದರು. ಅಮ್ಮನ ಕೈ ಕಾಫಿ ಕುಡಿದ ನಾಲಿಗೆಗೆ ಅದು ಹಿಡಿಸಲಿಲ್ಲ. ಕೊನೆಗೆ ಒಂದು ಬೆಳಗ್ಗೆ ಪೇಪರ್ ಮಡಚಿಕೊಂಡು ಹೋಗಿ ಜಗಲಿಯ ಮೇಲೆ ಕೂತು ಕುಡಿದರು. ಮಾಡಿದ್ದುಣ್ಣೋ ಮಹಾರಾಯ. ನಮ್ಮ ಮನೆಯಲ್ಲಿ ಕುಡಿಯುವುದಾಯಿತು, ಅಷ್ಟೇ.

ಅದರ ಮುಂದಿನ ಭಾನುವಾರ ಗೆಳೆಯರು ಬಂದರು. ಅಮ್ಮ ತಟ್ಟೆಯಲ್ಲಿ ಕಾಫಿ ತಂದು ಒಬ್ಬೊಬ್ಬರಿಗೂ, "ತಗೊಳ್ಳಿ" ಎಂದು ನಗುತ್ತ ಕೊಟ್ಟಳು. ತಟ್ಟೆಯಲ್ಲಿ ಒಂದು ಲೋಟ ಉಳಿಯಿತು. ಅದನ್ನು ಹಿಡಿದು ಹೊರಗೆ ಹೋದಳು. ಯಾರಿಗೂ ಅರ್ಥ ಹೇಳಬೇಕಾಗಿರಲಿಲ್ಲ, ಆ ಭಾಷೆ ಅವರೇ ಕಟ್ಟಿದ್ದು. ಫಿಸಿಕ್ಸ್ ಮೇಷ್ಟ್ರು ತಮ್ಮ ಲೋಟದೊಳಗೇ ನೋಡುತ್ತಿದ್ದರು. ದೊಡ್ಡದಕ್ಕೆ ಹಾಕಿದ್ದು ತಪ್ಪು ಅಂತ ಮಾವನ ಪರೀಕ್ಷೆಯ ದಿನ ಅವರಿಗಾದರೂ ಗೊತ್ತಾಗಿರಲೇಬೇಕು, ತುಟಿ ಪಿಟ್ಟೆಂದಿರಲಿಲ್ಲ. ಅಪ್ಪ ಕೂತೇ ಇದ್ದರು. ಹೊರಗೆ ಕಾಫಿ ಆರುತ್ತಿತ್ತು. ಆಮೇಲೆ ಎದ್ದು ಹೋದರು. ಬ್ಯಾಂಕಿನವರ ಕೈ ಅಭ್ಯಾಸಬಲದಿಂದ ಕಿಟಕಿಯ ಪರದೆಯವರೆಗೆ ಹೋಗಿ ನಿಂತಿತು. ನಾನೇ ಹೋಗಿ ಪರದೆಯನ್ನು ಪೂರ್ತಿ ಸರಿಸಿದೆ. ನನಗೆ ಅದರ ಬಗ್ಗೆ ಪಶ್ಚಾತ್ತಾಪ ಇಲ್ಲ.

ಭಾನುವಾರದ ಸಭೆ ಅಲ್ಲಿಗೆ ಸೊರಗಿತು. ಒಬ್ಬರಿಗೆ ಕಾಲುನೋವು, ಇನ್ನೊಬ್ಬರಿಗೆ ಮೊಮ್ಮಗನ ನಾಮಕರಣ. ಅಪ್ಪ ರಿಟೈರಾದರು. ದಿನಾ ಎರಡು ಹೊತ್ತು ಜಗಲಿ. ರಸ್ತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬಳು ಬುಟ್ಟಿ ಇಳಿಸಿ, "ಯಾಕ್ ಸಾಮಿ, ಒಳಕ್ ಬುಡಾಕಿಲ್ವಾ ಅಮ್ಮಾವ್ರು?" ಅಂತ ಕೇಳುವಳು. ಅಪ್ಪ ಪೇಪರ್ ಅಡ್ಡ ಹಿಡಿಯುವರು. ಚಳಿಗಾಲದಲ್ಲಿ ಅಮ್ಮ ಮಫ್ಲರ್ ತಂದು ಅವರ ಕತ್ತಿಗೆ ಸುತ್ತಿ, ಕಾಫಿ ಕೈಗೆ ಕೊಟ್ಟು, ಒಳಗೆ ಬರುವಳು.

ಒಮ್ಮೆ ಮಾತ್ರ ಅವರು ಸೋತ ಹಾಗೆ ಮಾತಾಡಿದರು. "ನಿನ್ ತಮ್ಮನ್ ಡಬ್ಬ ತರ್ಸೇ. ಮುದುಕನಿಗೆ ಹಾಕಿ ಎಲ್ರನ್ನೂ ಕರ್ದು ಕೇಳಿಸ್ತೀನಿ. ಅವನ್ನ ನಡುವಿನ್ ಕುರ್ಚಿಲೇ ಕೂರ್ಸೋಣ."

"ಆ ಡಬ್ಬ ಈಗಿಲ್ಲ" ಎಂದಳು ಅಮ್ಮ. ನಿಜವೇ. ವಾಲ್ವುಗಳನ್ನು ಮಾವ ಯಾರಿಗೋ ಕೊಟ್ಟುಬಿಟ್ಟಿದ್ದ. ಖಾಲಿ ಪೆಟ್ಟಿಗೆಯೊಳಗೆ ಚೌಲ್ಟ್ರಿ ಮೈಕುಗಳ ಸ್ವಿಚ್ಚು ಕೂರಿಸಿಕೊಂಡಿದ್ದ. ತಪ್ಪಾಯಿತು ಅನ್ನುವ ಒಂದು ಮಾತು ಅಪ್ಪನ ಬಾಯಿಂದ ಬಂದಿದ್ದರೆ ಲೋಟ ಒಳಗೆ ಬರುತ್ತಿತ್ತೋ ಏನೋ. ಅವರು ಕುರ್ಚಿಯ ಮಾತಾಡಿದರು, ಡಬ್ಬದ ಮಾತಾಡಿದರು, ಆ ಮಾತು ಆಡಲಿಲ್ಲ.

ಕೆಲವು ವರ್ಷಗಳಾದ ಮೇಲೆ ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ದಿನ, ಸಂಜೆ, ಹಾಲಿನಲ್ಲಿ ದೊಡ್ಡದರ ಮೇಲೆ ಹಾರ ಹಾಕಿದ ಫೋಟೋ ಇಟ್ಟಿದ್ದರು. ಅಷ್ಟು ಎತ್ತರಕ್ಕೆ ಸರಿಯಾಗಿ ಮನೆಯಲ್ಲಿ ಬೇರೇನೂ ಇರಲಿಲ್ಲ. ಮಾವ ಬಂದಿದ್ದ. ಅಮ್ಮ ಅವನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟಳು. ಅವನು ಕೈಯಲ್ಲಿ ಹಿಡಿದುಕೊಂಡಿದ್ದ, ಕುಡಿದಿರಲಿಲ್ಲ.

ನನ್ನ ಅತ್ತೆ, ಅಪ್ಪನ ತಂಗಿ, ಕಣ್ಣೊರೆಸಿಕೊಳ್ಳುತ್ತ ಹೇಳಿದಳು. "ಅತ್ತಿಗೆ, ಅಣ್ಣನಿಗೂ ಒಂದ್ ಲೋಟ ಇಡಿ. ಕಾಫಿ ಅಂದ್ರೆ ಪ್ರಾಣ ಬಿಡೋನು."

ಅಮ್ಮ ಅಡುಗೆಮನೆಗೆ ಹೋಗಿ ಹೊಸದಾಗಿ ಡಿಕಾಕ್ಷನ್ ಬೆರೆಸಿದಳು. ಅವರಿಗೆ ಬೇಕಾದ ಹಾಗೆ, ಸಕ್ಕರೆ ಕಡಿಮೆ, ನೊರೆ ಜಾಸ್ತಿ. ಸ್ಟೀಲಿನ ಲೋಟ ಹಿಡಿದು ಹಾಲಿಗೆ ಬಂದಳು. ಎಲ್ಲರೂ ಕಾಲು ಮಡಚಿ ದಾರಿ ಬಿಟ್ಟರು. ಅವಳು ಫೋಟೋ ದಾಟಿ ಬಾಗಿಲ ಕಡೆ ನಡೆದಳು.

"ಅತ್ತಿಗೆ, ಫೋಟೋ ಇಲ್ಲಿದೆ" ಎಂದಳು ಅತ್ತೆ.

ಅಮ್ಮ ಹೊಸ್ತಿಲ ಮೇಲೆ ನಿಂತು ತಿರುಗಿ ನೋಡಿದಳು. ಅತ್ತೆಯನ್ನಲ್ಲ, ತಮ್ಮನನ್ನು.

"ನೀನ್ ಕುಡಿಯೋ, ಆರೋಗುತ್ತೆ" ಎಂದಳು. "ಅವ್ರದು ಹೊರಗೆ."